ಸ್ಟೆಂಟ್ ಹಾಕಿಸಿಕೊಂಡು ಊರಿಗೆ ಬಂದವರನ್ನು ನೋಡ್ಕೊಳ್ಳೋರು ಯಾರು?

ಕುಂತೂರು: ‘ಜಯದೇವಕ್ಕೆ ಹೋದ್ರು, ಸ್ಟೆಂಟ್ ಹಾಕುದ್ರು, ಮೂರೇ ದಿನಕ್ಕೆ ಮನೆಗೆ ಬಂದ್ರು.’ ಕೊಳ್ಳೇಗಾಲ, ಯಳಂದೂರು, ಹನೂರು ಭಾಗದಲ್ಲಿ ಈ ಮಾತು ಈಗ ಮಾಮೂಲಿ. 2025ರ ಜುಲೈನಲ್ಲಿ ಹಾಸನದ ಹೃದಯಾಘಾತದ ಸಾವುಗಳು ಸುದ್ದಿಯಾದಾಗ ಮೈಸೂರಿನ ಜಯದೇವ ಆಸ್ಪತ್ರೆಗೆ ತಪಾಸಣೆಗೆಂದು ಜನ ಮುಗಿಬಿದ್ದಿದ್ದರು. ಚಿಕಿತ್ಸೆ ಆದ ಮೇಲಿನ ದಿನಗಳ ಬಗ್ಗೆ ಅಷ್ಟು ಎಚ್ಚರ ಇನ್ನೂ ಬಂದಿಲ್ಲ.

ಲ್ಯಾಬ್ ಒಳಗೆ

ಮಣಿಕಟ್ಟು ಇಲ್ಲವೇ ತೊಡೆಸಂದಿಯ ರಕ್ತನಾಳದಿಂದ ಸಣ್ಣ ಕೊಳವೆ ತೂರಿಸಿ ಹೃದಯದ ತನಕ ಹೋಗುವ ವಿಧಾನವಿದು. ಬಹುತೇಕರಿಗೆ ದೊಡ್ಡ ತೊಂದರೆ ಆಗುವುದಿಲ್ಲ. ಅಪರೂಪಕ್ಕೆ ನಾಳ ತೂತಾದರೆ ಬಲೂನನ್ನು ಅಲ್ಲೇ ಉಬ್ಬಿಸಿ ಸೋರಿಕೆ ತಡೆಯುತ್ತಾರೆ. ನಿಲ್ಲದಿದ್ದರೆ ಹೊದಿಕೆ ಇರುವ ಸ್ಟೆಂಟ್ ಹಾಕುತ್ತಾರೆ. ಹೃದಯದ ಸುತ್ತ ರಕ್ತ ತುಂಬಿದರೆ ಸೂಜಿ ಹಾಕಿ ತೆಗೆಯುತ್ತಾರೆ. ಸ್ಟೆಂಟ್ ಜಾರಿದರೆ ಕುಣಿಕೆಯಂಥ ತಂತಿಯಿಂದ ಹಿಡಿದು ಎಳೆಯುತ್ತಾರೆ. ಯಾವುದೂ ಕೈಗೂಡದಿದ್ದರೆ ಎದೆ ತೆರೆದು ಆಪರೇಷನ್. ಹಾಗಾಗಿ ತುರ್ತಿಲ್ಲದವರು ಸಹಿ ಹಾಕುವ ಮುಂಚೆ, ‘ಹೆಚ್ಚುಕಮ್ಮಿ ಆದ್ರೆ ಇಲ್ಲೇ ಆಪರೇಷನ್ ಮಾಡ್ತೀರಾ, ಬೇರೆ ಕಡೆ ಕಳಿಸ್ತೀರಾ?’ ಎಂದು ಕೇಳುವುದರಲ್ಲಿ ತಪ್ಪಿಲ್ಲ.

ಮನೆಗೆ ಬಂದ ಮೇಲೆ

ಅಲ್ಲಿ ಪಕ್ಕದಲ್ಲೇ ಡಾಕ್ಟರ ತಂಡ ಇರುತ್ತದೆ. ಊರಿಗೆ ಬಂದರೆ, ಕೊಳ್ಳೇಗಾಲದಿಂದ ಮೈಸೂರು ಸುಮಾರು 60 ಕಿ.ಮೀ. ಹನೂರು, ಮಹದೇಶ್ವರ ಬೆಟ್ಟದ ಕಡೆಯವರಿಗೆ ಇನ್ನೂ ದೂರ. ಕೊಳವೆ ಹಾಕಿದ ಜಾಗದಲ್ಲಿ ರಕ್ತ ಬಂದರೆ ಬಟ್ಟೆ ಸುತ್ತಿ ಕೂರಬಾರದು. ಮಲಗಿಸಿ, ಬಿಗಿಯಾಗಿ ಒತ್ತಿ ಹಿಡಿದು 108ಕ್ಕೆ ಕರೆ ಮಾಡಬೇಕು. ಮಿಡಿಯುವ ಗಂಟು ಕಂಡರೆ, ಕೈ ಅಥವಾ ಕಾಲು ತಣ್ಣಗಾಗಿ ಬಣ್ಣ ಬದಲಾದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ತೊಡೆಸಂದಿಯಿಂದ ಮಾಡಿಸಿಕೊಂಡವರಿಗೆ ಸೊಂಟನೋವು, ಹೊಟ್ಟೆನೋವಿನ ಜೊತೆ ತಲೆಸುತ್ತು ಬಂದರೆ ಒಳಗೇ ರಕ್ತ ಸೋರುತ್ತಿರಬಹುದು. ಗ್ಯಾಸ್ಟ್ರಿಕ್ ಅಂತ ಮಾತ್ರೆ ನುಂಗಿ ಮಲಗುವ ಹೊತ್ತಲ್ಲ ಅದು.

ಮಾತ್ರೆ ಬಿಟ್ಟರೆ ಅಪಾಯ

ರಕ್ತ ಹೆಪ್ಪುಗಟ್ಟದಂತೆ ಕೊಡುವ ಎರಡು ಮಾತ್ರೆಗಳನ್ನು ನಡುವೆ ಬಿಟ್ಟರೆ ಸ್ಟೆಂಟ್ ಕಟ್ಟಿಕೊಂಡು ಮತ್ತೆ ಅಟ್ಯಾಕ್ ಆಗಬಹುದು. ಹೃದಯಾಘಾತ ಆದವರಿಗೆ ಸಾಮಾನ್ಯವಾಗಿ 12 ತಿಂಗಳು ಬರೆಯುತ್ತಾರೆ. ಹಲ್ಲು ಕೀಳಿಸುವುದಿದ್ದರೂ ಹೃದಯದ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಕಾರ್ಡಿನಲ್ಲಿ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಉಂಟು. ತಿಂಗಳುಗಟ್ಟಲೆ ಮಾತ್ರೆಯ ಖರ್ಚು ಮಾತ್ರ ಬಹುತೇಕ ಮನೆಯವರ ಮೇಲೇ ಬೀಳುತ್ತದೆ. ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ವಿಚಾರಿಸಬಹುದು.

ಆಗಬೇಕಾದ್ದೇನು?

ಡಾ. ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆಯ ಉದ್ದೇಶ, ಎದೆನೋವು ಬಂದವರಿಗೆ ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲೇ ಇಸಿಜಿ ಮತ್ತು ಹೆಪ್ಪು ಕರಗಿಸುವ ಇಂಜೆಕ್ಷನ್ ಸಿಗುವಂತೆ ಮಾಡುವುದು. ಆದರೆ ಮೊನ್ನೆಯಷ್ಟೇ ಕೊಳವೆ ಹಾಕಿಸಿಕೊಂಡವರಿಗೆ ಅದೇ ಇಂಜೆಕ್ಷನ್‌ನಿಂದ ರಕ್ತಸ್ರಾವ ಹೆಚ್ಚಬಹುದು. ಡಾಕ್ಟರಿಗೆ ಅದು ಗೊತ್ತಾಗಬೇಕಾದರೆ ಡಿಸ್ಚಾರ್ಜ್ ಚೀಟಿ ಕೈಲಿರಬೇಕು. ಅದರ ಸಾರ, ತುರ್ತು ಫೋನ್ ನಂಬರ್ ಕನ್ನಡದಲ್ಲಿ ಬರೆದುಕೊಡಬೇಕು. ವಾಪಸ್ ಬಂದವರ ಪಟ್ಟಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ತಲುಪಬೇಕು. ಇದಕ್ಕೆ ಹೊಸ ಕಟ್ಟಡವೇನೂ ಬೇಡ.