ಮೋಟಾರನ್ನು ಹೊರಗಿಟ್ಟು ಎಲೆಕ್ಟ್ರಿಕಲ್ ಪದವಿಯೇ?

ಎಲೆಕ್ಟ್ರಿಕಲ್ ಪದವೀಧರರಿಗೆ ಕೆಲಸ ಸಿಗುವುದು ಸಾಫ್ಟ್‌ವೇರ್‌ನಲ್ಲೇ, ಆದ್ದರಿಂದ ಬಿ.ಇ. ಪಠ್ಯಕ್ರಮದಲ್ಲಿ ಯಂತ್ರಗಳ ಲ್ಯಾಬ್ ಕಡಿಮೆ ಮಾಡಿ ಕೋಡಿಂಗ್ ತುಂಬಬೇಕು ಎಂಬುದು ಕಳೆದ ವಾರದ ಲೇಖನವೊಂದರ ವಾದ. ಕೆಲಸದ ಚಿಂತೆ ನ್ಯಾಯವೇ. ಮದ್ದು ತಪ್ಪು.

ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕನ್ನೇ ನೋಡಿ. ಮೋಡ ಕವಿದರೆ ಉತ್ಪಾದನೆ ಕುಸಿಯುತ್ತದೆ. ಜಾಲದ ಆವರ್ತನ ಮಾತ್ರ 50 ಹರ್ಟ್ಸ್ ಆಸುಪಾಸಿನಲ್ಲೇ ನಿಲ್ಲಬೇಕು. ಶರಾವತಿಯ ಟರ್ಬೈನಿಗಿರುವ ತಿರುಗುವ ಭಾರ ಸೌರಫಲಕಕ್ಕಿಲ್ಲ. ಆ ಜಡತ್ವದ ಕೊರತೆಯನ್ನು ಇನ್ವರ್ಟರಿನ ಕೋಡ್ ನೀಗಿಸಬೇಕೆಂದರೂ, ಅದನ್ನು ಬರೆಯುವವರಿಗೆ ಸಿಂಕ್ರೊನಸ್ ಜನರೇಟರ್ ಹೇಗೆ ವರ್ತಿಸುತ್ತದೆಂದು ಗೊತ್ತಿರಬೇಕಲ್ಲ! ಆ ಲೇಖನದ ಲೇಖಕರು ಹೊಗಳುವ ವಿದ್ಯುತ್ ವಾಹನದೊಳಗಿರುವುದೂ ಮೋಟಾರೇ.

ಡಿ.ಸಿ. ಯಂತ್ರಗಳ ಸವಕಲು ಪ್ರಯೋಗಗಳನ್ನು ಕೈಬಿಡಲಿ, ತಕರಾರಿಲ್ಲ. ಆ ಜಾಗಕ್ಕೆ ಇನ್ವರ್ಟರ್, ಬ್ಯಾಟರಿ, ರಿಲೇ ಪರೀಕ್ಷೆ ಬರಲಿ. ಕೋಡಿಂಗನ್ನು ಅವುಗಳ ಮೇಲೆಯೇ ಕಲಿಸಲಿ.