ಹೃದಯ ದೊರೆಯುವವರೆಗಿನ ಕಾವಲು

2025ರ ಸೆಪ್ಟೆಂಬರ್ 11ರ ರಾತ್ರಿ ಬೆಂಗಳೂರಿನ ಯಶವಂತಪುರದ ಸ್ಪರ್ಶ್ ಆಸ್ಪತ್ರೆಯಿಂದ ಹೊರಟು, ಗೊರಗುಂಟೆಪಾಳ್ಯದಲ್ಲಿ ಮೆಟ್ರೋ ಏರಿ, ರಾಜಾಜಿನಗರವನ್ನು ಹಾದು, 7 ನಿಲ್ದಾಣಗಳ ದೂರವನ್ನು ಸುಮಾರು 20 ನಿಮಿಷಗಳಲ್ಲಿ ಕ್ರಮಿಸಿ, ಶೇಷಾದ್ರಿಪುರದ ಅಪೊಲೊ ಆಸ್ಪತ್ರೆಯನ್ನು ಸೇರಿದ ದಾನಿಯ ಹೃದಯವೊಂದರ ವಾರ್ತೆಯನ್ನು ನಗರವು ಹೆಮ್ಮೆಯಿಂದ ಓದಿತು. ದೇಹದಿಂದ ಬೇರ್ಪಟ್ಟ ಹೃದಯವನ್ನು ಸಾಮಾನ್ಯವಾಗಿ 4 ಗಂಟೆಗಳೊಳಗಾಗಿ ಕಸಿಮಾಡಬೇಕಾದುದರಿಂದ ಆ ತ್ವರೆ ಸ್ತುತ್ಯವೇ ಸರಿ. ಆದರೆ ಅಂತಹ ಹೃದಯವೊಂದು ದೊರೆಯುವವರೆಗೆ, ತೀವ್ರ ಹೃದಯವೈಫಲ್ಯಕ್ಕೆ ತುತ್ತಾದ ರೋಗಿಯನ್ನು ದಿನಗಟ್ಟಲೆ, ವಾರಗಟ್ಟಲೆ ಯಂತ್ರದ ಆಸರೆಯಲ್ಲಿ ಉಳಿಸಿಕೊಳ್ಳುವ ಕಾವಲಿನತ್ತ ನಮ್ಮ ಗಮನ ಅಷ್ಟಾಗಿ ಹರಿದಿಲ್ಲ.

ಇಂತಹ ಆಸರೆಯನ್ನೀಯುವ ಎಕ್ಮೋ ಯಂತ್ರವು ಅಭಿಧಮನಿಯಿಂದ ರಕ್ತವನ್ನು ಸೆಳೆದು, ಆಮ್ಲಜನಕವನ್ನು ಬೆರೆಸಿ, ಬಹುಮಟ್ಟಿಗೆ ತೊಡೆಯ ಅಪಧಮನಿಯ ಮೂಲಕ ಮರಳಿ ಒಳದೂಡುತ್ತದೆ. ಮೆದುಳು ಮೂತ್ರಪಿಂಡಗಳಿಗೆ ಜೀವವೀಯುವ ಆ ಪ್ರವಾಹವೇ, ಹೃದಯದ ಸಹಜಗತಿಗೆ ಎದುರಾಗಿ ಬರುವುದರಿಂದ, ದುರ್ಬಲವಾದ ಎಡ ಹೃತ್ಕುಕ್ಷಿಯ ಮೇಲೆ ಭಾರವನ್ನು ಹೇರುತ್ತದೆ. ಆ ಒತ್ತಡವನ್ನು ಮೀರಲಾರದೆ ಮಹಾಪಧಮನಿಯ ಕವಾಟವು ತೆರೆಯದೆ ಹೋದಲ್ಲಿ, ಕುಕ್ಷಿಯು ಉಬ್ಬಿ, ಶ್ವಾಸಕೋಶಗಳಲ್ಲಿ ನೀರು ತುಂಬಿ, ನಿಂತ ರಕ್ತವು ಹೆಪ್ಪುಗಟ್ಟಿ, ರೋಗಿಯು ಕಸಿಗೇ ಅನರ್ಹನಾಗಬಹುದು. ಆದಕಾರಣ ಎಕೋ ಪರೀಕ್ಷೆಯಿಂದ ಕವಾಟದ ಚಲನೆಯನ್ನು ಮತ್ತೆ ಮತ್ತೆ ಅರಿಯುವುದು, ಯಂತ್ರದ ಪ್ರವಾಹವನ್ನು ಅಂಗಾಂಗಗಳಿಗೆ ಕೊರತೆಯಾಗದಷ್ಟು ತಗ್ಗಿಸುವುದು, ಹೃದಯಸ್ನಾಯುವಿಗೆ ಬಲವೀಯುವ ಔಷಧವನ್ನು ಹನಿಸುವುದು, ಅದೂ ಸಾಲದಾದರೆ ಬಲೂನ್ ಪಂಪನ್ನೋ ಕುಕ್ಷಿಯೊಳಗೇ ಇಳಿಸುವ ಕಿರುಪಂಪನ್ನೋ ಬಳಸಿ ಭಾರವನ್ನು ಇಳಿಸುವುದು ಅವಶ್ಯ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಹೆಚ್ಚಿದರೆ ರಕ್ತಸ್ರಾವ, ಕುಗ್ಗಿದರೆ ಪಾರ್ಶ್ವವಾಯು. ಕೊಳವೆಯಿಳಿದ ಕಾಲಿಗೆ ರಕ್ತ ಹರಿಯುತ್ತಿದೆಯೇ ಎಂಬುದನ್ನೂ ಹಗಲಿರುಳು ನೋಡುತ್ತಿರಬೇಕು.

ಇಲ್ಲಿ ಯಂತ್ರಕ್ಕಿಂತ ಮನುಷ್ಯನ ಎಚ್ಚರವೇ ಮಿಗಿಲಾದುದು. ಬಡವರ ಅಂಗಕಸಿಗೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ನೆರವೀಯುವ ಸರ್ಕಾರವು, ಕಾಯುವ ದಿನಗಳ ಸಮಸ್ತ ವೆಚ್ಚವನ್ನೂ ಆ ನೆರವಿನಲ್ಲಿ ಅಡಕಗೊಳಿಸುವುದು ನ್ಯಾಯ. ಎಕ್ಮೋ ನಿರ್ವಹಣೆಯಲ್ಲಿ ನುರಿತ ದಾದಿಯರನ್ನೂ ಯಂತ್ರವನ್ನು ನಡೆಸುವ ಪರ್ಫ್ಯೂಷನಿಸ್ಟರನ್ನೂ ಸಾರ್ವಜನಿಕ ಆಸ್ಪತ್ರೆಗಳಲ್ಲಿಯೇ ಸಿದ್ಧಗೊಳಿಸುವುದು ಕರ್ತವ್ಯ. ರಾಜಾಜಿನಗರದ ಇಎಸ್‌ಐ ಆಸ್ಪತ್ರೆಗೆ ಬರುವ ಪೀಣ್ಯದ ಕಾರ್ಮಿಕನಾಗಲಿ, ಕೆಂಗೇರಿಯ ಚಿಕ್ಕ ನರ್ಸಿಂಗ್ ಹೋಮಿಗೆ ಬರುವ ಗೃಹಿಣಿಯಾಗಲಿ, ಯಕೃತ್ತು ಮೂತ್ರಪಿಂಡಗಳು ಕುಸಿಯುವ ಮುನ್ನವೇ ಕಸಿಕೇಂದ್ರವನ್ನು ತಲುಪುವಂತಹ ವ್ಯವಸ್ಥೆಯೂ ಬೇಕು. ನಾವಾದರೋ ಅಂಗದಾನದ ಸಂಕಲ್ಪವನ್ನು ಮನೆಯವರಿಗೆ ತಿಳಿಸಿ, ರಾಜ್ಯದ ಜೀವಸಾರ್ಥಕತೆ ಸಂಸ್ಥೆಯಲ್ಲಿ ನೋಂದಾಯಿಸಿದರೆ, ಕಾಯುವ ಕಾಲವೇ ಕಿರಿದಾದೀತು. ಶೋಕದ ನಡುವೆಯೂ ಹೃದಯವನ್ನಿತ್ತ ಕುಟುಂಬದ ಔದಾರ್ಯಕ್ಕೆ ನಾವು ಸಲ್ಲಿಸಬಹುದಾದ ನಿಜವಾದ ಗೌರವವೆಂದರೆ, ಆ ಹೃದಯವನ್ನು ಸ್ವೀಕರಿಸಲು ಶಕ್ತನಾಗಿ ಉಳಿಯುವಂತೆ ರೋಗಿಯನ್ನು ಕಾಪಾಡಿಕೊಂಡಿರುವುದೇ ಆಗಿದೆ.