ಗರ್ಭನಿರೋಧಕವಾಗದ ಮಾತ್ರೆ ಲಕ್ಷಾಂತರ ಜೀವ ಉಳಿಸಿತು

ಸ್ತನ ಕ್ಯಾನ್ಸರ್‌ನ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಮರಳುವ ಅನೇಕ ಮಹಿಳೆಯರಿಗೆ ವೈದ್ಯರು ಒಂದು ಸಣ್ಣ ಮಾತ್ರೆ ಬರೆದು ಕೊಡುತ್ತಾರೆ. ಅದರ ಹೆಸರು ಟಾಮೋಕ್ಸಿಫೆನ್. ಪ್ರತಿದಿನ, ಕನಿಷ್ಠ ಐದು ವರ್ಷ ಸೇವಿಸಬೇಕು. 'ಗಡ್ಡೆಯನ್ನೇ ತೆಗೆದಾಯಿತಲ್ಲ, ಇನ್ನೇಕೆ ಮಾತ್ರೆ?' ಎಂದು ಕೆಲವರು ಅರ್ಧದಲ್ಲೇ ನಿಲ್ಲಿಸಿ ಬಿಡುತ್ತಾರೆ. ಈ 'ಏಕೆ' ಎಂಬ ಪ್ರಶ್ನೆಗೆ ಉತ್ತರ ಹುಡುಕಲು ಇಡೀ ಬದುಕನ್ನೇ ಮುಡಿಪಾಗಿಟ್ಟ ವಿಜ್ಞಾನಿ ಡಾ. ವಿ. ಕ್ರೇಗ್ ಜೋರ್ಡನ್.

1947ರಲ್ಲಿ ಅಮೆರಿಕದ ಟೆಕ್ಸಾಸ್‌ನಲ್ಲಿ ಜನಿಸಿದ ಜೋರ್ಡನ್ ಬೆಳೆದದ್ದು ತಾಯಿಯ ನಾಡಾದ ಇಂಗ್ಲೆಂಡಿನಲ್ಲಿ. ಬಾಲಕನಿಗೆ ರಸಾಯನಶಾಸ್ತ್ರದ ಹುಚ್ಚು. ಮಲಗುವ ಕೋಣೆಯನ್ನೇ ಪ್ರಯೋಗಾಲಯ ಮಾಡಿಕೊಳ್ಳಲು ತಾಯಿ ಒಪ್ಪಿಗೆ ಕೊಟ್ಟರು. ಕಿಟಕಿಯ ಪರದೆಗೆ ಬೆಂಕಿ ತಗುಲಿದ್ದೂ ಉಂಟು!

ಟಾಮೋಕ್ಸಿಫೆನ್ ಅವರ ಆವಿಷ್ಕಾರವಲ್ಲ. 1962ರಲ್ಲಿ ಇಂಗ್ಲೆಂಡಿನ ಐ.ಸಿ.ಐ. ಕಂಪೆನಿಯಲ್ಲಿ ಡೋರಾ ರಿಚರ್ಡ್‌ಸನ್ ಎಂಬ ಮಹಿಳಾ ವಿಜ್ಞಾನಿ ಅದನ್ನು ತಯಾರಿಸಿದ್ದರು. ಗರ್ಭನಿರೋಧಕ ಮಾತ್ರೆಯಾಗಬಹುದೆಂಬುದು ಕಂಪೆನಿಯ ನಿರೀಕ್ಷೆ. ಇಲಿಗಳಲ್ಲಿ ಗರ್ಭ ತಡೆದ ಆ ಔಷಧ ಮಹಿಳೆಯರಲ್ಲಿ ಅಂಡೋತ್ಪತ್ತಿಯನ್ನೇ ಪ್ರಚೋದಿಸಿತು! 1971ರಲ್ಲಿ ಪ್ರಕಟವಾದ ಮ್ಯಾಂಚೆಸ್ಟರ್‌ನ ಕ್ರಿಸ್ಟಿ ಆಸ್ಪತ್ರೆಯ ವರದಿಯಂತೆ, ಸ್ತನ ಕ್ಯಾನ್ಸರ್ ಉಲ್ಬಣಿಸಿದ್ದ 46 ಮಹಿಳೆಯರಲ್ಲಿ 10 ಮಂದಿಗೆ ಅದರಿಂದ ಗುಣ ಕಂಡಿತು. ಆದರೂ ಅದರ ಬಗ್ಗೆ ಹೆಚ್ಚಿನವರಿಗೆ ಆಸಕ್ತಿ ಇರಲಿಲ್ಲ.

ಲೀಡ್ಸ್ ವಿಶ್ವವಿದ್ಯಾಲಯದಲ್ಲಿ ಇಂತಹ ಔಷಧಗಳ ಬಗ್ಗೆಯೇ ಸಂಶೋಧನೆ ನಡೆಸಿದ್ದ ಜೋರ್ಡನ್ 1972ರಲ್ಲಿ ಅಮೆರಿಕದ ವೂಸ್ಟರ್ ಸಂಶೋಧನಾ ಸಂಸ್ಥೆಗೆ ತೆರಳಿ ಈ ಕೆಲಸವನ್ನು ಕೈಗೆತ್ತಿಕೊಂಡರು. ಅನೇಕ ಸ್ತನ ಗಡ್ಡೆಗಳು ಬೆಳೆಯಲು ಈಸ್ಟ್ರೋಜನ್ ಎಂಬ ಹಾರ್ಮೋನು ಬೇಕು. ಜೀವಕೋಶದೊಳಗೆ ಅದಕ್ಕೊಂದು ಬೀಗವಿದೆ ಎಂದುಕೊಳ್ಳಿ. ಹಾರ್ಮೋನು ಅದರ ಕೀಲಿಕೈ. ಟಾಮೋಕ್ಸಿಫೆನ್ ಆ ಬೀಗದಲ್ಲಿ ಹೊಕ್ಕು ಕೂರುತ್ತದೆ, ಆದರೆ ಬಾಗಿಲು ತೆರೆಯುವುದಿಲ್ಲ. ನಿಜವಾದ ಕೀಲಿಗೆ ಜಾಗವೂ ಉಳಿಯುವುದಿಲ್ಲ. ಇಲಿಗಳಿಗೆ ಅಲ್ಪಕಾಲ ಔಷಧ ಕೊಟ್ಟು ನಿಲ್ಲಿಸಿದಾಗ ಗಡ್ಡೆಗಳು ಮತ್ತೆ ಕಾಣಿಸಿಕೊಂಡವು. ದೀರ್ಘಕಾಲ ಕೊಟ್ಟಾಗ ಹೆಚ್ಚಿನವು ತಲೆಯೆತ್ತಲಿಲ್ಲ. ದೀರ್ಘಾವಧಿ ಚಿಕಿತ್ಸೆಯ ಬೇರು ಇಲ್ಲಿದೆ. ಈಸ್ಟ್ರೋಜನ್ ಅವಲಂಬಿತ ಕ್ಯಾನ್ಸರ್ ಇರುವವರು ಐದು ವರ್ಷ ಈ ಮಾತ್ರೆ ಸೇವಿಸಿದರೆ, ಮುಂದಿನ ಹದಿನೈದು ವರ್ಷಗಳಲ್ಲಿ ಆ ರೋಗದಿಂದ ಸಾಯುವ ಪ್ರಮಾಣ ಸುಮಾರು ಮೂರನೇ ಒಂದರಷ್ಟು ಇಳಿಯುತ್ತದೆಂದು ಬಳಿಕ ಸಾಬೀತಾಯಿತು.

ಜೋರ್ಡನ್‌ರ ನಿಜವಾದ ಹಿರಿಮೆ ಇನ್ನೊಂದಿದೆ. ತಾವು ಬೆಳೆಸಿದ ಔಷಧದ ಕೆಡುಕನ್ನೂ ಅವರೇ ಹುಡುಕಿದರು. 1988ರಲ್ಲಿ ಅವರ ತಂಡ ಒಂದೇ ಇಲಿಯಲ್ಲಿ ಸ್ತನದ ಗಡ್ಡೆಯನ್ನೂ ಗರ್ಭಕೋಶದ ಒಳಪದರದ ಗಡ್ಡೆಯನ್ನೂ ಇಟ್ಟು ಪರೀಕ್ಷಿಸಿತು. ಟಾಮೋಕ್ಸಿಫೆನ್ ಮೊದಲನೆಯದನ್ನು ತಡೆಯಿತು, ಎರಡನೆಯದನ್ನು ಬೆಳೆಸಿತು. ಈ ಫಲಿತಾಂಶವನ್ನು ಅವರು ಮುಚ್ಚಿಡದೆ ಪ್ರಕಟಿಸಿದರು. ಅದೇ ಔಷಧ ಋತುಬಂಧದ ನಂತರ ಮೂಳೆ ಸವೆಯದಂತೆ ಕಾಯುತ್ತದೆಂಬುದೂ ತಿಳಿದು ಬಂತು. ಇದೇ ದಾರಿಯಲ್ಲಿ ಸಾಗಿ ರಾಲೋಕ್ಸಿಫೀನ್ ಎಂಬ ಔಷಧ 1997ರಲ್ಲಿ ಮೂಳೆ ಸವೆತಕ್ಕಾಗಿ ಬಳಕೆಗೆ ಬಂತು.

2018ರಲ್ಲಿ ಅವರಿಗೇ ಮೂತ್ರಪಿಂಡದ ಕ್ಯಾನ್ಸರ್ ಇರುವುದು ಪತ್ತೆಯಾಯಿತು, ಅದೂ ಕೊನೆಯ ಹಂತದಲ್ಲಿ. ಚಿಕಿತ್ಸೆ ಪಡೆಯುತ್ತಲೇ ಅವರು ಸಂಶೋಧನೆ ಮುಂದುವರಿಸಿದರು. 2024ರ ಜೂನ್‌ನಲ್ಲಿ, 76ನೇ ವಯಸ್ಸಿನಲ್ಲಿ ಹ್ಯೂಸ್ಟನ್‌ನಲ್ಲಿ ನಿಧನರಾದರು.

ಸಹೋದರಿಯರೇ, ಈ ಬದುಕಿನಿಂದ ನಾವು ಮನೆಗೆ ಒಯ್ಯಬೇಕಾದ ಮಾತುಗಳಿವೆ. ಸ್ತನದಲ್ಲಿ ಗಂಟು ಕಂಡರೆ ನಾಚಿಕೆಯಿಂದ ಮುಚ್ಚಿಡಬೇಡಿ. ಟಾಮೋಕ್ಸಿಫೆನ್ ಎಲ್ಲ ಬಗೆಯ ಸ್ತನ ಕ್ಯಾನ್ಸರ್‌ಗೂ ಹೊಂದುವುದಿಲ್ಲ. ಗಡ್ಡೆಯ ಪರೀಕ್ಷೆ ನಡೆಸಿಯೇ ವೈದ್ಯರು ನಿರ್ಧರಿಸುತ್ತಾರೆ. ಅದನ್ನು ಸೇವಿಸುವಾಗ ಗರ್ಭ ಧರಿಸಬಾರದು. ಮೈ ಬಿಸಿಯೇರುವುದು, ಬೆವರುವುದು ಸಾಮಾನ್ಯ. ಆದರೆ ಮುಟ್ಟು ನಿಂತ ಬಳಿಕ ರಕ್ತಸ್ರಾವವಾದರೆ, ಕಾಲು ಊದಿಕೊಂಡು ನೋವಾದರೆ, ದಿಢೀರನೆ ಉಸಿರು ಕಟ್ಟಿದರೆ ತಡ ಮಾಡದೆ ವೈದ್ಯರನ್ನು ಕಾಣಿ. ತೊಂದರೆಯಾದರೆ ಹೇಳಿಕೊಳ್ಳಿ, ಆದರೆ ನೀವಾಗಿಯೇ ಮಾತ್ರೆ ನಿಲ್ಲಿಸಬೇಡಿ. ನಿಮ್ಮ ಮನೆಯಲ್ಲೋ ನೆರೆಯಲ್ಲೋ ಈ ಮಾತ್ರೆ ಸೇವಿಸುವವರಿದ್ದರೆ ಇಂದೇ ವಿಚಾರಿಸಿ: 'ಮಾತ್ರೆ ತಪ್ಪಿಸದೆ ತೆಗೆದುಕೊಳ್ಳುತ್ತಿದ್ದೀರಾ?'